ಕಂಪನಿ ಹೂವಿಗೆ ನೀರು

ಸಿರಿ, ಇವತ್ತು ಬೆಳಿಗ್ಗೆ ನಾನು ನಿನ್ನ ಮೇಲೆ ಕೂಗಿಬಿಟ್ಟೆ. ನೀನು ಸ್ಕೂಲಿನ ನೀರಿನ ಬಾಟಲಿಯ ಮುಚ್ಚಳ ತೆಗೆದು ಅಂಗಳದ ಮೂಲೆಯಲ್ಲಿರುವ ಆ ನೇರಳೆ ಹೂವಿನ ಬುಡಕ್ಕೆ ಬಗ್ಗಿಸುತ್ತಿದ್ದೆ. "ಅಜ್ಜಿ, ಪಾಪ, ಇದು ಬಾಡೋಗಿದೆ" ಅಂದೆ. ನಾನು ಅಡುಗೆಮನೆಯಿಂದ ಓಡಿಬಂದು ನಿನ್ನ ಕೈ ಹಿಡಿದು "ಬೇಡ" ಅಂದೆ. ನನ್ನ ಗಂಟಲಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ಬಾಟಲಿ ಕೆಳಗೆ ಬಿತ್ತು. ನಿಮ್ಮಪ್ಪ ಮಹಡಿಯಿಂದ ಇಣುಕಿ ನೋಡಿದ. ಅಷ್ಟರಲ್ಲಿ ಸ್ಕೂಲ್ ವ್ಯಾನು ಬಂತು. ಬಾಟಲಿ ಇಲ್ಲೇ ಉಳಿಯಿತು. ನೀನು ಕಣ್ಣೊರೆಸಿಕೊಳ್ಳುತ್ತ ವ್ಯಾನು ಹತ್ತಿದೆ, ತಿರುಗಿ ಕೈ ಬೀಸಲಿಲ್ಲ.

ಏಕೆ ಹಾಗೆ ಕೂಗಿದೆ ಎಂದು ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ನಿನ್ನ ಹಳೆಯ ಗಣಿತದ ನೋಟ್‌ಬುಕ್ಕಿನಲ್ಲಿ ಉಳಿದಿರುವ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಸಿರಿಗೆ ಕನ್ನಡ ಓದುವುದು ಇನ್ನೂ ನಿಧಾನ. ಚೇತು, ನೀನು ಅಣ್ಣನಾದ ತಪ್ಪಿಗೆ ತಂಗಿಗೆ ಓದಿ ಹೇಳು. ನನ್ನ ಅಕ್ಷರದ ಬಗ್ಗೆ ಮಾತ್ರ ನಗಬೇಡ. ಏಳನೇ ಕ್ಲಾಸಿಗೆ ನಿಂತುಹೋದ ಅಕ್ಷರ ಇದು, ಆಮೇಲೆ ಅದಕ್ಕೆ ವಯಸ್ಸಾಗಲೇ ಇಲ್ಲ.

ಆ ಹೂವು ಪ್ರತಿ ವರ್ಷವೂ ಬಿಡುತ್ತದೆ, ಸಿರಿ. ನೀನು ಅದನ್ನು ನೋಡಿದ್ದು ಈ ವರ್ಷ. ಮಕ್ಕಳ ಕಣ್ಣಿಗೆ ಗಿಡ ಬೀಳುವುದಕ್ಕೂ ಒಂದು ವಯಸ್ಸು ಬರಬೇಕೇನೋ. ನಡುವೆ ಉಮ್ಮತ್ತಿ ಕಾಯಿಯ ಹಾಗೆ ಮುಳ್ಳುಮುಳ್ಳಾದ ಒಂದು ಗುಬುಟು, ಬೆಂಕಿ ಆರಿದ ಮೇಲೂ ಕೆಂಪಗಿರುವ ಕೆಂಡದ ಬಣ್ಣದ್ದು. ಅದರ ಸುತ್ತ ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣದ ದಳಗಳು. ಸೇವಂತಿಗೆಯ ದಳ ಮೇಲಕ್ಕೆ ನೋಡುತ್ತದೆ, ಸೂರ್ಯಕಾಂತಿಯದ್ದು ಅಗಲಕ್ಕೆ ಚಾಚುತ್ತದೆ. ಇದರ ದಳಗಳು ನಾಲ್ಕು ದಿನ ನೆಟ್ಟಗಿದ್ದು ಆಮೇಲೆ ಕೆಳಕ್ಕೆ ಇಳಿಬೀಳುತ್ತವೆ, ಬಾಗಿಲ ಹಿಂದೆ ನಿಂತ ಹೆಂಗಸಿನ ಸೆರಗಿನ ಹಾಗೆ. ಚೇತು ಒಮ್ಮೆ ಫೋನಿನಲ್ಲಿ ಚಿತ್ರ ತೆಗೆದು, ಇದರ ಹೆಸರು ಪರ್ಪಲ್ ಕೋನ್‌ಫ್ಲವರ್ ಎಂದು ಹುಡುಕಿ ಹೇಳಿದ್ದ. ನಮ್ಮ ಮನೆಯಲ್ಲಿ ಮೊದಲಿನಿಂದ ಇದು ಕಂಪನಿ ಹೂವು. ಆ ಹೆಸರಿಟ್ಟವಳು ನಿಂಗವ್ವ.

ನಿಂಗವ್ವನ ವಿಷಯಕ್ಕೆ ಬರುವ ಮೊದಲು ನನ್ನ ವಿಷಯ ಸ್ವಲ್ಪ ಹೇಳಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಮೊದಲಿನಿಂದಲೂ ಮಾತು ಕಡಿಮೆಯವಳು. ಸ್ಕೂಲಿನಲ್ಲಿ ಹಾಜರಿ ಕೂಗಿದಾಗ "ಬಂದಿದೀನಿ ಸಾ" ಅನ್ನಲು ನಾಚಿಕೆಯಾಗಿ ಸ್ಲೇಟನ್ನು ಎತ್ತಿ ತೋರಿಸುತ್ತಿದ್ದೆ. ಒಂದು ದಿನ ಸ್ಲೇಟು ಮರೆತು ಹೋಗಿದ್ದೆ. ಅವತ್ತು ನಾನು ಇಡೀ ದಿನ ಕ್ಲಾಸಿನಲ್ಲೇ ಕೂತಿದ್ದರೂ ಹಾಜರಿ ಪುಸ್ತಕದಲ್ಲಿ ಗೈರುಹಾಜರು. ಮದುವೆಯಾಗಿ ಈ ಹೆಬ್ಬಗೋಡಿಗೆ ಬಂದ ಮೇಲೆ ಆ ಕಷ್ಟ ತಪ್ಪಿತು. ನಿಮ್ಮ ತಾತ ಇಬ್ಬರ ಮಾತನ್ನೂ ಅವರೇ ಆಡುತ್ತಿದ್ದರು. ಬಂದವರು ನನ್ನನ್ನು "ಹೇಗಿದ್ದೀಯಮ್ಮ" ಎಂದು ಕೇಳಿದರೆ "ಚೆನ್ನಾಗವ್ಳೆ, ಸ್ವಲ್ಪ ಮಂಡಿನೋವು" ಎಂದು ಅವರೇ ಉತ್ತರ ಕೊಡುತ್ತಿದ್ದರು. ನನಗೆ ಮಂಡಿನೋವು ಇದೆಯೆಂದು ಎಷ್ಟೋ ಸಲ ನನಗೆ ಗೊತ್ತಾಗಿದ್ದು ಹಾಗೆಯೇ.

ಮಾತು ಬಾರದ ನನಗೆ ಗಿಡ ಬರುತ್ತಿತ್ತು. ಈಗ ಕಂಪನಿ ಹೂವು ಇರುವ ಎರಡು ಮಾರು ನೆಲದಲ್ಲಿ ಆಗ ಕನಕಾಂಬರ, ಕಾಕಡ, ಒಂದು ಮಲ್ಲಿಗೆ ಬಳ್ಳಿ ಇದ್ದವು. ಸುತ್ತಲಿನ ರಾಗಿ ಹೊಲಗಳೆಲ್ಲ ಬಾಡಿಗೆ ಮನೆಗಳಾಗಿ, ನಮ್ಮ ಹಿತ್ತಿಲೂ ಆರು ರೂಮುಗಳ ಸಾಲಾಗಿ, ಬೀದಿಯಲ್ಲಿ ಮಣ್ಣು ಕಾಣುವುದೇ ಅಪರೂಪವಾದ ಮೇಲೂ ಆ ಎರಡು ಮಾರನ್ನು ನಿಮ್ಮ ತಾತ ಸಿಮೆಂಟಿಗೆ ಬಿಟ್ಟುಕೊಟ್ಟಿರಲಿಲ್ಲ. ಎದುರುಮನೆಯ ರತ್ನಮ್ಮ ಶುಕ್ರವಾರ ಬೆಳಿಗ್ಗೆ ತಪ್ಪದೆ ಬರುತ್ತಿದ್ದಳು. ನಾನು ಒಂದು ಬೊಗಸೆ ಕನಕಾಂಬರ ಕಿತ್ತು ಅವಳ ಸೆರಗಿಗೆ ಹಾಕುತ್ತಿದ್ದೆ. ಇಪ್ಪತ್ತು ವರ್ಷ ಹಾಗೆ ನಡೆಯಿತು.

ನಿಮ್ಮ ತಾತ ಹೋದ ಮೇಲಿನ ಮೊದಲ ಕೆಲವು ಶುಕ್ರವಾರ ರತ್ನಮ್ಮ ಬರಲಿಲ್ಲ. ಆಮೇಲೊಂದು ದಿನ ಬಂದಳು. ನಾನು ಅಭ್ಯಾಸದಂತೆ ಗಿಡದ ಕಡೆ ಹೆಜ್ಜೆ ಇಟ್ಟೆ. ಅವಳು ನೆಲ ನೋಡುತ್ತ, "ನೀವ್ ಇರ್ಲಿ ಬಿಡಿ ಅಕ್ಕ, ಸೊಸೆ ಇಲ್ವಾ?" ಅಂದಳು. ಗಂಡ ಹೋದವಳ ಕೈಯಿಂದ ಹೂವು ತೆಗೆದುಕೊಳ್ಳಬಾರದು ಎಂಬುದು ನಮ್ಮ ಬೀದಿಯಲ್ಲಿ ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿರುವ ವಿಷಯ. ನಾನೂ ಎಷ್ಟೋ ಜನರ ಹತ್ತಿರ ಹಾಗೆಯೇ ನಡೆದುಕೊಂಡವಳು. ಆದ್ದರಿಂದ ರತ್ನಮ್ಮನ ಮೇಲೆ ಕೋಪ ಬರಲಿಲ್ಲ. ನಿಮ್ಮಮ್ಮನನ್ನು ಕರೆದು ಒಳಗೆ ಹೋದೆ. ಅವತ್ತು ಸಂಜೆ ಕನಕಾಂಬರಕ್ಕೆ ನೀರು ಹಾಕಲಿಲ್ಲ. ಮರುದಿನವೂ ಹಾಕಲಿಲ್ಲ. ಆ ಬೇಸಿಗೆಗೆ ಮೂಲೆ ಪೂರ್ತಿ ಒಣಗಿತು.

ಆಗ ಮನೆಯವರಿಗೆಲ್ಲ ನನ್ನದೇ ಚಿಂತೆ. ನಾನು ತಲೆ ಬಗ್ಗಿಸಿ ಸುಮ್ಮನೆ ಕೂತಿರುವುದನ್ನು ಕಂಡರೆ ಯಾರಾದರೂ ಒಬ್ಬರು ಬಂದು ಪಕ್ಕದಲ್ಲಿ ಕೂರುತ್ತಿದ್ದರು. ನಿಮ್ಮಪ್ಪ ನನ್ನ ಕೋಣೆಗೆ ಒಂದು ಟಿ.ವಿ. ತಂದು ಹಾಕಿದ. ನಿಮ್ಮಮ್ಮ ಫ್ಯಾಕ್ಟರಿಯ ಆಫೀಸಿನಿಂದ ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ ಫೋನ್ ಮಾಡಿ ಊಟವಾಯಿತೇ, ಮಾತ್ರೆಯಾಯಿತೇ, ಟಿ.ವಿ. ಹಾಕಿಕೊಂಡಿದ್ದೀರಾ ಎಂದು ಕೇಳುತ್ತಿದ್ದಳು. ಟಾನಿಕ್ಕು, ಬಾದಾಮಿ ಹಾಲು, ಯಾರದೋ ಮನೆಯ ಭಜನೆ. ಪ್ರೀತಿಯಿಂದ ಮಾಡಿದ್ದನ್ನು ಬೇಡ ಎನ್ನುವಷ್ಟು ಮಾತು ನನ್ನಲ್ಲಿರಲಿಲ್ಲ. ಹಾಲು ಕುಡಿದೆ, ಟಿ.ವಿ. ನೋಡಿದೆ. ನನಗೆ ದುಃಖವಿತ್ತು, ಇಲ್ಲವೆನ್ನುವುದಿಲ್ಲ. ಆದರೆ ದುಃಖ ಬರುವ ಮೊದಲೂ ನಾನು ಹಾಗೆಯೇ ತಲೆ ಬಗ್ಗಿಸಿ ಕೂರುತ್ತಿದ್ದೆ. ಆಗ ಪಕ್ಕದಲ್ಲಿ ನಿಮ್ಮ ತಾತ ಮಾತಾಡುತ್ತ ಇರುತ್ತಿದ್ದರಿಂದ ಯಾರೂ ಗಮನಿಸಿರಲಿಲ್ಲ, ಅಷ್ಟೆ.

ನಿಂಗವ್ವ ನಮ್ಮ ಹಿಂದಿನ ರೂಮುಗಳಲ್ಲಿ ನಾಲ್ಕನೆಯದಕ್ಕೆ ಬಾಡಿಗೆಗೆ ಬಂದದ್ದು ಆ ಕಾಲದಲ್ಲಿ. ಮುದ್ದೇಬಿಹಾಳದ ಕಡೆಯವಳು. ಗಂಡ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಇವಳಿಗೆ ಎಲೆಕ್ಟ್ರಾನಿಕ್ ಸಿಟಿಯ ಒಂದು ದೊಡ್ಡ ಕಂಪನಿಯಲ್ಲಿ ತೋಟದ ಕೆಲಸ. ನೀವು ಬಸ್ಸಿನಿಂದ ನೋಡುತ್ತೀರಲ್ಲ, ಗಾಜಿನ ಕಟ್ಟಡಗಳ ಮುಂದೆ ಹಾಸಿದ ಹಾಗಿರುವ ಹುಲ್ಲು ಮತ್ತು ಹೂವಿನ ಸಾಲು, ಅಂಥದ್ದನ್ನು ನೋಡಿಕೊಳ್ಳುವ ಕೆಲಸ. ನೀಲಿ ಸಮವಸ್ತ್ರದ ಅಂಗಿಯನ್ನು ಸೀರೆಯ ಮೇಲೆ ತೊಟ್ಟು ಏಳು ಗಂಟೆಗೆಲ್ಲ ಹೊರಡುತ್ತಿದ್ದಳು.

ಒಂದು ದಿನ ಆಕೆ ನಮ್ಮ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತಳು. ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ. ಅದನ್ನು ಒಂದು ತಿಂಗಳು ನಮ್ಮ ಫ್ರಿಜ್ಜಿನಲ್ಲಿ ಇಡಬಹುದೇ ಎಂದು ಕೇಳಿದಳು. ಮುಚ್ಚಳ ತೆಗೆದು ನೋಡಿದರೆ ಒದ್ದೆ ಮರಳು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಆಮೇಲೆ ನಿಧಾನವಾಗಿ ಹೇಳಿದಳು. ಕಂಪನಿಯಲ್ಲಿ ಒಂದು ಹೂವು ಹಾಕುತ್ತಾರೆ. ಅದರ ಬೇರು ಸಾಯುವುದಿಲ್ಲವಂತೆ, ಸುಮ್ಮನೆ ಬಿಟ್ಟರೆ ವರ್ಷಕ್ಕೊಮ್ಮೆ ತಾನೇ ಚಿಗುರುತ್ತದಂತೆ, ತೋಟದ ಮೇಲ್ವಿಚಾರಕ ಹೇಳಿದ್ದು. ಆದರೆ ಅಲ್ಲಿ ಯಾವುದನ್ನೂ ಬಿಡುವುದಿಲ್ಲ. ಹೂವು ಮುಗಿದ ವಾರಕ್ಕೆ ಸಾಲು ಸಾಲೇ ಕಿತ್ತು, ಬೇರೆ ಬಣ್ಣ ತಂದು ನೆಡುತ್ತಾರೆ. ಕೀಳುವವಳು ಇವಳೇ. ಕಸಕ್ಕೆ ಹೋಗುವ ಒಣಗಿದ ಒಂದು ಹೂವನ್ನು ಮೇಲ್ವಿಚಾರಕನನ್ನು ಕೇಳಿ ತಂದು, ಅದರ ಬೀಜವನ್ನು ಈ ಮರಳಿನಲ್ಲಿ ಹುದುಗಿಸಿದ್ದಳು. ಅದು ಚಳಿ ದೇಶದ್ದು, ಬೀಜಕ್ಕೆ ಮೊದಲು ಚಳಿ ಹತ್ತಬೇಕು ಎಂದು ಅವನೇ ಹೇಳಿದ್ದ.

"ಮತ್ತ ಬರ್ತೈತಿ ಅಂತಾರ್ರಿ ಅವ್ವಾರ. ನಾ ಬರೇ ಕಿತ್ತೇನಿ, ಬಂದಿದ್ದ ನೋಡೇ ಇಲ್ಲ. ಒಂದ್ಸಲ ನೋಡ್ಬೇಕ್ರಿ" ಅಂದಳು.

ಡಬ್ಬಿಯನ್ನು ದೋಸೆ ಹಿಟ್ಟಿನ ಹಿಂದೆ ಇಟ್ಟೆ. ನಾಲ್ಕನೇ ದಿನ ನಿಮ್ಮಮ್ಮ ಅದನ್ನು ತೆಗೆದು ಮೇಜಿನ ಮೇಲಿಟ್ಟು, ಬಹಳ ಮೆತ್ತಗೆ, "ಅತ್ತೆ, ಫ್ರಿಜ್ಜಲ್ಲಿ ಮಣ್ಣಿಟ್ಟಿದೀರಾ?" ಎಂದು ಕೇಳಿದಳು. ಅವಳ ಆ ಮೆತ್ತಗಿನ ದನಿಯಲ್ಲಿಯೇ ನನಗೆ ಗೊತ್ತಾಯಿತು, ಅತ್ತೆಯ ತಲೆ ಕೆಡುತ್ತಿದೆ ಎಂದು ಹೆದರಿದ್ದಾಳೆ. "ಬೀಜ" ಅಂದೆ. ಆ ವಾರ ಬಾದಾಮಿ ಹಾಲು ಎರಡು ಹೊತ್ತಾಯಿತು.

ತಿಂಗಳಾದ ಮೇಲೆ ಬೀಜವನ್ನು ಒಡೆದ ಬಕೆಟ್ಟಿನಲ್ಲಿ ಹಾಕಿದೆವು. ಹುಟ್ಟಿದ್ದು ಮೂರು. ಎರಡನ್ನು ಬಸವನಹುಳು ತಿಂದಿತು, ಒಂದು ಉಳಿಯಿತು. ಅದನ್ನು ನಿಂಗವ್ವ ಒಣಗಿದ ಕನಕಾಂಬರದ ಜಾಗದಲ್ಲಿ ನೆಟ್ಟಳು, ಅಲ್ಲಿ ಬಿಸಿಲು ಚೆನ್ನಾಗಿದೆ ಎಂದು. ಒಂದು ವರ್ಷ ಬರೀ ಎಲೆ. ಒರಟು ಎಲೆ, ಸವರಿದರೆ ಬೆಕ್ಕಿನ ನಾಲಿಗೆಯ ಹಾಗೆ. ರತ್ನಮ್ಮ ಗೇಟಿನ ಆಚೆಯಿಂದ, ಇದೇನು ಸೊಪ್ಪೋ, ಔಷಧಿಯೋ, ಹೂವು ಬಿಟ್ಟರೆ ಮುಡಿಯಲು ಬರುತ್ತದೆಯೋ, ದೇವರಿಗೆ ಏರಿಸಬಹುದೋ ಎಂದು ಕೇಳಿದಳು. ನಿಂಗವ್ವ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು:

"ಮುಡಿಯೂದಲ್ಲ, ಏರಸೂದಲ್ರಿ ಅಕ್ಕಾರ. ಬರೇ ನೋಡೂದು."

ರತ್ನಮ್ಮನಿಗೆ ಅದು ಅಷ್ಟು ಹಿಡಿಸಲಿಲ್ಲ. ನನಗೆ ಮಾತ್ರ ಆ ಮಾತು ಇಡೀ ದಿನ ಕಿವಿಯಲ್ಲಿ ಉಳಿಯಿತು. ಯಾರ ಜಡೆಗೂ ಬೇಕಿಲ್ಲದ, ಯಾವ ಪಟಕ್ಕೂ ಬೇಕಿಲ್ಲದ ಹೂವು. ಅದನ್ನು ಯಾರ ಕೈ ಮುಟ್ಟಿದರೂ ನಡೆಯುತ್ತದೆ. ಮರುದಿನದಿಂದ ನಾನು ಮತ್ತೆ ಆ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳತೊಡಗಿದೆ.

ಎರಡನೇ ವರ್ಷ ನಡುವಿನಿಂದ ಒಂದು ದಂಟು ಎದ್ದು ಮೊಗ್ಗು ಕಾಣಿಸಿತು. ಸರಿಯಾಗಿ ಆಗಲೇ ನಿಂಗವ್ವನಿಗೆ ಊರಿಗೆ ಹೋಗಬೇಕಾಯಿತು, ಮಗಳ ಬಾಣಂತನಕ್ಕೆ. ಮೂರು ತಿಂಗಳು ಬರುವುದಿಲ್ಲ ಎಂದಳು. ಗಂಟುಮೂಟೆ ಆಟೋದಲ್ಲಿಟ್ಟು ಗಿಡದ ಹತ್ತಿರ ಬಂದು ನಿಂತಳು. ವಾರಕ್ಕೆರಡು ಸಲ ಒಂದು ಚೊಂಬು ನೀರು, ಬುಡಕ್ಕೆ ಮಾತ್ರ, ಎಲೆಗೆ ಬೇಡ ಎಂದಳು. ಹೂವು ಮುಗಿದರೂ ಕೀಳಬೇಡಿ, ಬೇರು ಹಾಗೇ ಇರಲಿ, ಮುಂದಿನ ವರ್ಷ ಬರುತ್ತದೋ ಇಲ್ಲವೋ ನೋಡೋಣ ಎಂದಳು. ದಳ ಬಾಗುವ ವಿಷಯ ಹೇಳಲಿಲ್ಲ. ನೂರಾರು ಹೂವು ದಿನವೂ ನೋಡಿದವಳಿಗೆ ಅದು ಹೇಳುವ ವಿಷಯ ಅನ್ನಿಸಲೇ ಇಲ್ಲವೇನೋ.

ಹೂವು ಬಿಟ್ಟಿತು. ನಾಲ್ಕು ದಿನ ಅದರ ಮುಂದೆ ಮಣೆ ಹಾಕಿಕೊಂಡು ಕೂತೆ. ಐದನೇ ದಿನ ಬೆಳಿಗ್ಗೆ ದಳಗಳೆಲ್ಲ ಕೆಳಗೆ ಇಳಿಬಿದ್ದಿದ್ದವು. ಬಿಸಿಲು ಹೆಚ್ಚಾಗಿ ಬಾಯಾರಿದೆ ಎಂದುಕೊಂಡೆ. ಒಂದು ಚೊಂಬು ಹಾಕಿದೆ. ಸಂಜೆಗೂ ಎದ್ದಿರಲಿಲ್ಲ, ಇನ್ನೊಂದು ಹಾಕಿದೆ. ಮಾರನೇ ದಿನ ಅಕ್ಕಿ ತೊಳೆದ ನೀರು, ಅದರಲ್ಲಿ ಸತ್ವವಿರುತ್ತದೆ ಎಂದು. ಆಮೇಲೆ ನಿಮ್ಮ ತಾತನ ಕೊಡೆ ಬಿಚ್ಚಿ ಗೂಟಕ್ಕೆ ಕಟ್ಟಿ ನೆರಳು ಮಾಡಿದೆ. ಕಂಪನಿಯ ಶಿಫ್ಟು ಬಸ್ಸಿಗೆ ಹೋಗುವವರು ನಿಂತು ನೋಡಿಹೋಗುತ್ತಿದ್ದರು, ಯಾವ ದೊಡ್ಡವರು ಕೂತಿದ್ದಾರೆ ಕೊಡೆಯ ಕೆಳಗೆ ಎಂದು. ಟ್ಯಾಂಕರಿನವನು ಬಾರದ ವಾರ ನನ್ನ ಸ್ನಾನಕ್ಕೆ ಅರ್ಧ ಬಕೆಟ್ ಸಾಕು ಎಂದುಕೊಂಡು ಉಳಿದರ್ಧ ಅದಕ್ಕೆ ಹಾಕಿದೆ. ಎಷ್ಟು ಹಾಕಿದರೂ ಅದು ತಲೆ ಎತ್ತಲಿಲ್ಲ. ಎತ್ತಲಿಲ್ಲವಲ್ಲ ಎಂದು ಮತ್ತೂ ಹಾಕಿದೆ. ಎರಡು ವಾರ ಕಳೆಯುವಷ್ಟರಲ್ಲಿ ಎಲೆ ಹಳದಿಯಾಯಿತು, ದಂಟಿನ ಬುಡ ಕಪ್ಪಾಗಿ ಮೆತ್ತಗಾಯಿತು. ಒಂದು ಬೆಳಿಗ್ಗೆ ನೋಡಿದರೆ ಗಿಡ ಅಡ್ಡ ಬಿದ್ದಿತ್ತು.

ನಾನು ಬಿದ್ದ ದಂಟನ್ನು ಹಳೆಯ ಪೇಪರಿನಲ್ಲಿ ಸುತ್ತಿ ಯಾರಿಗೂ ಕಾಣದ ಹಾಗೆ ಕಸದವರಿಗೆ ಕೊಟ್ಟೆ. ಕೊಡೆ ಮಡಿಚಿ ಒಳಗಿಟ್ಟೆ.

ಅದೇ ವಾರ ನಿಂಗವ್ವ ಫೋನ್ ಮಾಡಿದಳು. ಮೊಮ್ಮಗ ಹುಟ್ಟಿದ್ದಾನೆ ಎಂದಳು. ಆಮೇಲೆ, ಹೂವು ಹೇಗಿದೆ ಎಂದು ಕೇಳಿದಳು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿಗೆ ಅವತ್ತು ಏನಾಯಿತೋ. ಬಲು ಚೆನ್ನಾಗಿದೆ ಅಂದೆ. ಬಣ್ಣ ಎಂಥದ್ದು ಅಂದೆ, ಚಿಟ್ಟೆ ಬರುತ್ತಿವೆ ಅಂದೆ, ಬೀದಿಯವರೆಲ್ಲ ನಿಂತು ನೋಡುತ್ತಾರೆ ಅಂದೆ, ಇನ್ನೊಂದು ಮೊಗ್ಗು ಬಂದಿದೆ ಅಂದೆ. ನಿಮ್ಮ ತಾತ ಕೇಳಿದ್ದರೆ ತಮ್ಮ ಹೆಂಡತಿಯೇ ಹೌದೇ ಎಂದು ತಿರುಗಿ ನೋಡುತ್ತಿದ್ದರು. ಫೋನ್ ಇಟ್ಟೆ. ಅವಳು ಬರೀ ಕಿತ್ತವಳು, ಒಂದು ಸಲ ಬಂದಿದ್ದನ್ನು ನೋಡಬೇಕು ಎಂದವಳು. ನಂಬಿ ಬಿಟ್ಟುಹೋದ ಆ ಒಂದನ್ನು ನಾನು ಮುಳುಗಿಸಿದ್ದೆ. ಮುಳುಗಿಸಿದ್ದೂ ಅಲ್ಲದೆ ಅರಳಿದೆ ಎಂದು ಹೇಳಿದ್ದೆ.

ಮೂರು ತಿಂಗಳು ಮುಗಿದು ಅವಳು ಬಂದ ದಿನ ನಾನು ತಲೆನೋವೆಂದು ಕೋಣೆಯಲ್ಲಿ ಮಲಗಿದ್ದೆ. ಕಿಟಕಿಯಿಂದ ಅಂಗಳ ಕಾಣುತ್ತದೆ. ಅವಳು ಚೀಲ ಕೆಳಗಿಟ್ಟು ಬರಿ ನೆಲ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕುಕ್ಕರಿಸಿ ಬೆರಳಿನಿಂದ ಮಣ್ಣು ಬಗೆಯತೊಡಗಿದಳು. ಹಾಗೆ ನೋಡುತ್ತ ಮಲಗಿರಲು ಆಗಲಿಲ್ಲ. ಎದ್ದು ಹೋಗಿ ಅವಳ ಪಕ್ಕ ನಿಂತೆ. "ತಲೆ ಬಗ್ಗಿಸ್ತು ಕಣವ್ವ. ಬಾಯಾರೈತೆ ಅಂತ ನೀರಾಕ್ದೆ" ಎಂದಷ್ಟೇ ಅಂದೆ.

ಅವಳು ಕತ್ತೆತ್ತಿ ನನ್ನ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ.

"ಅದು ಬಾಡಿದ್ದಲ್ರಿ ಅವ್ವಾರ" ಅಂದಳು. "ಅದು ಇರೂದ ಹಂಗ."

ನನ್ನಿಂದ ಅಡುಗೆಮನೆಯ ಚಾಕು ತರಿಸಿಕೊಂಡಳು. ಮಣ್ಣಿನಿಂದ ಬೇರಿನ ಮುದ್ದೆ ಎತ್ತಿದಳು, ಕೊಳೆತ ವಾಸನೆ ಬಂತು. ಕಪ್ಪಗಿದ್ದದ್ದನ್ನೆಲ್ಲ, ಕೆಟ್ಟ ಆಲೂಗಡ್ಡೆ ಹೆಚ್ಚುವ ಹಾಗೆ, ಕೊಯ್ದು ಕೊಯ್ದು ಎಸೆದಳು. ಕೊನೆಗೆ ಉಳಿದದ್ದು ಒಂದು ಹೆಬ್ಬೆರಳಿನಷ್ಟು. ಅದನ್ನು ಉಗುರಿನಿಂದ ಗೀರಿ ತೋರಿಸಿದಳು. ಒಳಗೆ ಬೆಳ್ಳಗೆ, ಗಟ್ಟಿಯಾಗಿ ಇತ್ತು. ಅರ್ಧ ಮರಳು ಬೆರೆಸಿದ ಮಣ್ಣಿನಲ್ಲಿ, ಅದೇ ಒಡೆದ ಬಕೆಟ್ಟಿನಲ್ಲಿ ಅದನ್ನು ಹೂತಳು. ನಾನು ಚೊಂಬಿನ ಕಡೆ ಕೈ ಚಾಚಿದೆ. ಅವಳು ಚೊಂಬನ್ನು ತಾನೇ ತೆಗೆದುಕೊಂಡು ಅದರಲ್ಲಿದ್ದ ನೀರನ್ನು ಕುಡಿದುಬಿಟ್ಟಳು.

ಮುಂದಿನದು ಕಾಯುವ ಕೆಲಸ. ಸುಮ್ಮನೆ ಇರುವುದು ನನಗೆ ಬರುವ ವಿದ್ಯೆ ಎಂದುಕೊಂಡಿದ್ದೆ, ಗಿಡದ ಮುಂದೆ ಸುಮ್ಮನಿರುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ನಿಂಗವ್ವ ದಿನಾ ಕೆಲಸದಿಂದ ಬಂದವಳೇ ಮಣ್ಣಿಗೆ ಬೆರಳು ಚುಚ್ಚಿ ನೋಡಿ "ಬ್ಯಾಡ" ಅನ್ನುತ್ತಿದ್ದಳು. ಚಳಿ ಮುಗಿದು ಬಿಸಿಲೇರಿದ ಮೇಲೆ ಒಂದು ದಿನ ಅವಳು ಬೆರಳು ಚುಚ್ಚದೆ ನಿಂತಿದ್ದಳು. ಬೆಕ್ಕಿನ ನಾಲಿಗೆಯಂಥ ಒಂದು ಎಲೆ, ಮಗುವಿನ ಉಗುರಿನಷ್ಟು ದೊಡ್ಡದು, ಮರಳಿನಿಂದ ಮೇಲೆ ಬಂದಿತ್ತು. "ಬಂತ್ರಿ" ಎಂದಳು. ಅಷ್ಟೇ ಹೇಳಿ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಅತ್ತಳೋ ನಕ್ಕಳೋ ನಾನು ಕೇಳಲಿಲ್ಲ.

ಆ ವಾರವೇ ನಾನು ನಿಮ್ಮಪ್ಪನಿಗೆ, ನನ್ನ ಕೋಣೆಯ ಟಿ.ವಿ. ತೆಗೆದುಕೊಂಡು ಹೋಗಪ್ಪ ಎಂದೆ. ಅವನು ಮುಖ ಚಿಕ್ಕದು ಮಾಡಿಕೊಂಡು, ಬೇಜಾರಾಗಲ್ವೇನಮ್ಮ ಎಂದ. "ಇಲ್ಲ ಕಣೋ. ನಾನಿರೋದೇ ಇಂಗೆ" ಎಂದೆ. ಅವನು ಅರ್ಥ ಮಾಡಿಕೊಂಡನೋ ಇಲ್ಲವೋ, ಟಿ.ವಿ. ಮಾತ್ರ ಮೇಲಕ್ಕೆ ಹೋಯಿತು. ಚೇತು ಅವತ್ತು ಬಹಳ ಸಂತೋಷಪಟ್ಟದ್ದು ನನಗೆ ನೆನಪಿದೆ.

ಗಿಡ ನೆಲಕ್ಕಿಳಿದು ಗಟ್ಟಿಯಾದ ಮೇಲೆ ನಿಂಗವ್ವನ ಗಂಡನಿಗೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅವರು ರಾಜಗೋಪಾಲನಗರಕ್ಕೆ ಮನೆ ಬದಲಿಸಿದರು, ಊರಿನ ಆ ತುದಿ. ಗಿಡವನ್ನು ಒಯ್ಯಿ ಎಂದೆ. ಅಲ್ಲಿ ಮೂರನೇ ಮಹಡಿ, ಮಣ್ಣಿಲ್ಲ ಎಂದಳು. ಅಂದಿನಿಂದ ಅದು ನನ್ನ ಹತ್ತಿರ ಇದೆ. ಒಂದು ಇದ್ದದ್ದು ಈಗ ಐದು ಬುಡವಾಗಿದೆ. ಮೊದಲು ಮುಗಿದ ಹೂವುಗಳನ್ನು ನಾನು ಕತ್ತರಿಸುತ್ತೇನೆ, ಕೊನೆಯವನ್ನು ಒಣಗಲು ಬಿಡುತ್ತೇನೆ. ಪುಟ್ಟ ಹಕ್ಕಿಗಳು ಬಂದು ಮುಳ್ಳಿನ ನಡುವಿನಿಂದ ಬೀಜ ಹೆಕ್ಕುತ್ತವೆ. ರತ್ನಮ್ಮ ಈಗಲೂ ನನ್ನ ಕೈಯಿಂದ ಹೂವು ಒಯ್ಯುವುದಿಲ್ಲ. ಹೋದ ವರ್ಷ ಇದರ ಒಂದು ಸಸಿಯನ್ನು ಒಯ್ದಳು, ನನ್ನ ಕೈಯಿಂದಲೇ. ಸಸಿಗೆ ಆ ಕಟ್ಟುಪಾಡು ಇಲ್ಲವಂತೆ.

ನಿಂಗವ್ವ ಹಬ್ಬ ಹುಣ್ಣಿಮೆಗೆ ಫೋನ್ ಮಾಡುತ್ತಾಳೆ. ನಾನು "ಹೂಂ", "ಚೆನ್ನಾಗವ್ರೆ", "ಬಿಟ್ಟೈತೆ" ಅನ್ನುತ್ತೇನೆ. ಆ ಸುಳ್ಳಿನ ಮಾತು ಮಾತ್ರ ಇಷ್ಟು ವರ್ಷ ನಮ್ಮಿಬ್ಬರ ನಡುವೆ ಹಾಗೇ ಉಳಿದಿತ್ತು. ಗಿಡ ಕೊಂದದ್ದನ್ನು ಹೇಳಿದ್ದೆ, ಸುಳ್ಳಾಡಿದ್ದನ್ನು ಹೇಳಿರಲಿಲ್ಲ. ಇವತ್ತು ನೀನು ಅಳುತ್ತ ವ್ಯಾನು ಹತ್ತಿದ ಮೇಲೆ, ನಿನಗೆ ಕಾರಣ ಹೇಳಬೇಕೆಂದರೆ ಮೊದಲು ಅವಳಿಗೆ ಹೇಳಬೇಕು ಅನ್ನಿಸಿತು. ಫೋನ್ ತೆಗೆದುಕೊಂಡೆ. ಅವಳ ಹೆಸರಿನ ಪಕ್ಕದಲ್ಲಿ ನನ್ನ ಗುರುತಿಗೆಂದು ನಿಮ್ಮಮ್ಮ ಒಂದು ಹೂವಿನ ಚಿತ್ರ ಹಾಕಿಕೊಟ್ಟಿದ್ದಾಳೆ. ಅದನ್ನು ಒತ್ತಿದೆ.

"ಯಾಕ್ರಿ ಅವ್ವಾರ, ಏನಾತು? ಎಲ್ಲಾರೂ ಅರಾಮ ಅದೀರಲ್ಲ?" ಅವಳ ದನಿಯಲ್ಲಿ ಗಾಬರಿಯಿತ್ತು. ನಾನಾಗಿ ಫೋನ್ ಮಾಡಿದ್ದು ಇದೇ ಮೊದಲು.

"ಎಲ್ಲಾ ಚೆನ್ನಾಗವ್ರೆ. ಹೂವು ಬಿಟ್ಟೈತೆ ಅಂತ ಹೇಳೋಕೆ ಮಾಡ್ದೆ."

"ಬಾಗೇತೇನ್ರಿ?"

"ಬಾಗೈತೆ."

"ನೀರ ಹಾಕಿಲ್ಲಲ್ಲ ಮತ್ತ?" ಅಂದು ನಕ್ಕಳು.

ನಾನು ನಗಲಿಲ್ಲ. "ನಿಂಗವ್ವ, ನೀನು ಊರಿಂದ ಫೋನ್ ಮಾಡಿದ್ಯಲ್ಲ, ಆಗ ಗಿಡ ಬಿದ್ದೋಗಿತ್ತು ಕಣವ್ವ. ಚೆನ್ನಾಗೈತೆ ಅಂತ ಸುಳ್ಳೇಳ್ದೆ."

ಆ ಕಡೆ ಯಾರದೋ ಮನೆಯ ಮಿಕ್ಸಿಯ ಸದ್ದು ಕೇಳುತ್ತಿತ್ತು.

"ಅದು ನನಗ ಅವತ್ತ ಗೊತ್ತಾಗಿತ್ರಿ" ಅಂದಳು.

"ಎಂಗೆ?"

"ನೀವು ಯಾವತ್ತರ ಅಷ್ಟ ಮಾತಾಡೀರೇನ್ರಿ? ಬಣ್ಣ ಅಂದ್ರಿ, ಚಿಟ್ಟಿ ಅಂದ್ರಿ, ಓಣಿ ಮಂದೆಲ್ಲ ನೋಡಾಕತ್ತಾರ ಅಂದ್ರಿ. ಚಲೋ ಇದ್ದಿದ್ರ 'ಹೂಂ, ಐತೆ' ಅಂದು ಇಟ್ಟಬಿಡ್ತಿದ್ರಿ. ಫೋನ್ ಇಟ್ಟ ಮ್ಯಾಲ ನನ್ನ ಮಗಳಿಗಿ ಹೇಳಿದ್ನಿ, ಗಿಡ ಹೋತು, ಪಾಪ ಆ ಅವ್ವಾರಿಗಿ ಭಾಳ ಸಂಕಟ ಆಗೇತಿ ಅಂತ."

ಆಮೇಲೆ ಈ ಭಾನುವಾರ ಬರುತ್ತೇನೆ, ಹೂವು ಉದುರುವ ಮೊದಲು ನೋಡಬೇಕು ಎಂದಳು. "ಹೂಂ, ಬಾ" ಅಂದೆ.

ಸಿರಿ, ನಿನ್ನ ಬಾಟಲಿಯನ್ನು ಒರೆಸಿ ಜಗುಲಿಯ ಮೇಲಿಟ್ಟಿದ್ದೇನೆ. ಅದರಲ್ಲಿ ಇನ್ನೂ ಅರ್ಧ ನೀರಿದೆ. ನೀನು ಸಂಜೆ ಬಂದ ಮೇಲೆ ಅದನ್ನು ಇಬ್ಬರೂ ಸೇರಿ ಕರಿಬೇವಿನ ಗಿಡಕ್ಕೆ ಹಾಕೋಣ, ಅದು ಎಷ್ಟು ಕೊಟ್ಟರೂ ಕುಡಿಯುತ್ತದೆ. ಆಮೇಲೆ ಈ ಹೂವಿನ ಮುಂದೆ ಎರಡು ಮಣೆ ಹಾಕಿಕೊಂಡು ಕೂರೋಣ. ನೀನು ಬೇಕಾದಷ್ಟು ಮಾತಾಡು. ನಾನು ಮಾತಾಡದೆ ತಲೆ ಬಗ್ಗಿಸಿ ಕೂತಿದ್ದರೆ ಅಜ್ಜಿ ಬಾಡಿದ್ದಾಳೆ ಎಂದುಕೊಳ್ಳಬೇಡ.